ಎದುರಿಗೆ ಎಣಿಸಲಾಗದ ಮಾವ

ನನ್ನ ಸೋದರಮಾವ ಕೆಲಸ ಕಳೆದುಕೊಂಡದ್ದು ಮರ್ಯಾದೆ ಹೆಚ್ಚಾಗಿ. ಮರ್ಯಾದೆ ಬಿಟ್ಟು ಕೆಲಸ ಕಳೆದುಕೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ: ಕುಡಿದು ಬಂದವರು, ಸಾಹುಕಾರರಿಗೆ ತಿರುಗಿ ಮಾತಾಡಿದವರು, ಗಲ್ಲಾಪೆಟ್ಟಿಗೆಯಿಂದ ನೋಟು ಎಗರಿಸಿ ಕಾಲುಚೀಲದೊಳಗೆ ತುರುಕಿಕೊಂಡವರು. ಮಾವ ಆ ಪೈಕಿ ಅಲ್ಲ. ಹಣ ಕೊಟ್ಟವರ ಮುಖದೆದುರೇ ಅದನ್ನು ಎಣಿಸುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ. ಅಷ್ಟರಿಂದ ಏನೇನಾಯಿತು ಎಂದು ಹೇಳಿದರೆ ನೀವು ನನ್ನನ್ನೇ ಅನುಮಾನದಿಂದ ನೋಡಬಹುದು. ನೋಡಿ, ಪರವಾಗಿಲ್ಲ. ನಾನಾಗ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆ ಕೊಡದ ಬಾಡಿಗೆದಾರಳಾಗಿದ್ದೆ. ಮಾವ ಕೆಲಸಕ್ಕಿದ್ದ ಅಂಗಡಿಯ ಎದುರಿಗೇ ಇದ್ದ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ಲಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸ ನನ್ನದು. ಹಾಗಾಗಿ ಮನೆಯಲ್ಲಿ ನಡೆದದ್ದನ್ನೂ ಅಂಗಡಿಯಲ್ಲಿ ನಡೆದದ್ದನ್ನೂ ಕಣ್ಣಾರೆ ಕಂಡವಳು ನಾನೊಬ್ಬಳೇ.

ಅಂಗಡಿ ಬಣ್ಣದ್ದು. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಡಬ್ಬಗಳು, ಒಂದರ ಮೇಲೊಂದು. ಒಳಗೆ ಕಾಲಿಟ್ಟರೆ ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮಾವ ಅಲ್ಲಿ ವರ್ಷಗಟ್ಟಲೆ ಬಣ್ಣ ಬೆರೆಸಿದವರು. ಯಾರಾದರೂ ಹಳೆಯ ಗೋಡೆಯ ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಇದೇ ಬಣ್ಣ ಬೇಕು ಎಂದರೆ, ಮಾವ ಅದನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡಿ, ಡಬ್ಬದೊಳಗೆ ಕಡ್ಡಿ ಆಡಿಸತೊಡಗುತ್ತಿದ್ದರು. ವ್ಯಾಪಾರ ಕೆಟ್ಟರೂ ಚಿಂತೆಯಿಲ್ಲ, ತಪ್ಪು ಬಣ್ಣ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. "ಈ ಕೆಂಪು ಮಲಗೋ ಕೋಣೆಗೆ ಬೇಡ ರೀ, ಗಂಡ ಹೆಂಡತಿ ಜಗಳ ಜಾಸ್ತಿ ಆಗುತ್ತೆ" ಎಂದು ಬಂದವರಿಗೆ ಬುದ್ಧಿ ಹೇಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಕಿವಿಯ ಮೇಲೆ ಯಾವ ಬಣ್ಣ ಅಂಟಿದೆಯೋ ಅದನ್ನು ನೋಡಿ, ಈ ಸಲ ಪೇಟೆಯಲ್ಲಿ ಯಾವ ಗೋಡೆ ಯಾವ ಬಣ್ಣ ಎಂದು ನಾವು ಊಹಿಸಬಹುದಿತ್ತು.

ಗಲ್ಲಾ ಮೇಲೆ ಆಗ ಕೂರುತ್ತಿದ್ದವನು ಬೇರೆ, ಲೆಕ್ಕದಲ್ಲಿ ಪಳಗಿದ ಕೈ. ಗಿರಾಕಿ ಬಾಯಿ ತೆರೆಯುವುದರೊಳಗೆ ಮೊತ್ತ ಹೇಳುತ್ತಿದ್ದ, ನೋಟನ್ನು ಬೆರಳ ತುದಿಯಲ್ಲಿ ಪಟಪಟ ಎಣಿಸುತ್ತಿದ್ದ. ಒಂದು ಸೋಮವಾರ ಅದೇ ಬೆರಳುಗಳಿಂದ ವಾರದ ವ್ಯಾಪಾರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕಂಬಿ ಕಿತ್ತ. ಸಾಹುಕಾರರು ಕೆಲವು ದಿನ ಬರೀ ಬಿಸಿನೀರು ಕುಡಿದುಕೊಂಡು ಕೂತಿದ್ದರು. ಆಮೇಲೆ ಮಾವನನ್ನು ಕರೆದರು.

"ಲೆಕ್ಕ ಬರೋನನ್ನ ಇಟ್ಕೊಂಡು ನೋಡಾಯ್ತು. ಲೆಕ್ಕ ಬಂದಿದ್ದಕ್ಕೇ ಈ ಗತಿ ಆಯ್ತು. ಇನ್ನು ಮೇಲೆ ಗಲ್ಲಾ ನಿಂದು."

"ನನಗೆ ಬಣ್ಣ ಬಿಟ್ರೆ ಬೇರೇನೂ ಬರಲ್ಲ ಸಾಹುಕಾರ್ರೇ."

"ಕದಿಯೋಕೆ ಬರುತ್ತಾ?"

"ಇಲ್ಲ."

"ಅಷ್ಟು ಸಾಕು."

ಮಾವನಿಗೆ ಈ ಬಡ್ತಿ ಇಷ್ಟವಿರಲಿಲ್ಲ. "ಕಳ್ಳ ಕೂತಿದ್ದ ಕುರ್ಚಿ ಅದು" ಎಂದು ಮನೆಯಲ್ಲಿ ಗೊಣಗಿದರು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನನ್ನೂ ಹಾಗೇ ಅಂತಾರೆ. ಕೈಗೆ ಬಣ್ಣ ಅಂಟಿದ್ರೆ ಒರೆಸ್ಕೋಬಹುದು. ಕಳ್ಳ ಅನ್ನೋ ಹೆಸರು ಅಂಟಿದ್ರೆ ಏನು ಹಾಕಿ ಒರೆಸಲಿ?"

ಅತ್ತೆಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಕುರ್ಚಿ, ಫ್ಯಾನು, ಗಾಜಿನ ಮೇಜು, ಬೀಗದ ಕೈ, ಇಷ್ಟೇ ಅವರಿಗೆ ಕೇಳಿಸಿದ್ದು. ಅತ್ತೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದರು. ಅಳತೆಗೆ ಬಂದವರು ಕೈ ಎತ್ತಿ ನಿಂತರೆ ಎಲ್ಲಿಗೂ ಓಡುವಂತಿರಲಿಲ್ಲ. ಅತ್ತೆ ಟೇಪು ಹಿಡಿದು ಸುತ್ತು ಬರುತ್ತಾ ಗಂಡನ ಗುಣಗಾನ ಮಾಡುತ್ತಿದ್ದರು. "ನಮ್ಮನೆಯವರು ಈಗ ಗಲ್ಲಾ ಮೇಲೆ. ಬಾಯಲ್ಲೇ ಲೆಕ್ಕ ಕಣ್ರೀ, ಕಾಗದ ಪೆನ್ನು ಮುಟ್ಟಲ್ಲ." ಮಾವ ಕಾಗದ ಪೆನ್ನು ಮುಟ್ಟುತ್ತಿರಲಿಲ್ಲ ಎಂಬುದೇನೋ ನಿಜ. ಬಾಯಲ್ಲೂ ಏನೂ ನಡೆಯುತ್ತಿರಲಿಲ್ಲ ಎಂಬುದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು.

ಮಾವನಿಗೆ ದುಡ್ಡು ಎಂದರೆ ಸಂಕೋಚ. ಹಾಲಿನವನಿಗೆ ಕೊಡುವಾಗಲೂ ನೋಟನ್ನು ಚಿಕ್ಕದಾಗಿ ಮಡಚಿ, ಅವನ ಕೈಗೆ ತುರುಕಿ, ತಾವು ಮಾತ್ರ ಸೂರು ನೋಡುತ್ತಾ ನಿಲ್ಲುತ್ತಿದ್ದರು. ಇನ್ನು ತೆಗೆದುಕೊಂಡದ್ದನ್ನು ಎದುರಿಗೇ ಎಣಿಸುವುದೆಂದರೆ ಕೊಟ್ಟವರಿಗೆ ಕಪಾಳಕ್ಕೆ ಬಾರಿಸಿದ ಹಾಗೆ ಎಂದು ಅವರ ವಾದ. "ನೀನು ಕಡಿಮೆ ಕೊಟ್ಟಿರಬಹುದು ಅಂತ ಬಾಯಿ ಬಿಟ್ಟು ಹೇಳೋದೂ ಒಂದೇ, ಎಣಿಸೋದೂ ಒಂದೇ." ನಾನು ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಅಲ್ಲೊಂದು ನಾಟಕ ನಡೆಯುತ್ತಿತ್ತು. ದಪ್ಪ ಮೀಸೆಯ ಕಂಟ್ರಾಕ್ಟರೊಬ್ಬ ನೋಟಿನ ಕಟ್ಟು ಮುಂದಿಟ್ಟ.

"ಎಣಿಸ್ಕೊಳ್ಳಿ ಸಾರ್."

"ಅಯ್ಯೋ, ನೀವು ಎಣಿಸಿದ್ದೀರಲ್ಲ."

"ಎಣಿಸಿದ್ದೀನಿ, ಆದ್ರೂ ಒಂದ್ಸಲ."

"ಛೇ ಛೇ, ನಿಮ್ಮ ಮೇಲೆ ನಂಬಿಕೆ ಇಲ್ವಾ ನಮಗೆ?"

ಮಾವ ಕಟ್ಟನ್ನು ಹಾಗೇ ಎತ್ತಿ ಪೆಟ್ಟಿಗೆಗೆ ಹಾಕಿದರು. ಪಾಪ, ಆ ಕಂಟ್ರಾಕ್ಟರ್ ಮೊದಲ ಸಲ ನಿಜಕ್ಕೂ ಪೂರ್ತಿ ಕೊಟ್ಟಿರಬೇಕು. ಇಷ್ಟು ನಂಬುವವರು ಸಿಕ್ಕರು ಎಂದ ಮೇಲೆ ಅವನೂ ಮನುಷ್ಯನೇ ಅಲ್ಲವೇ. ಚಿಲ್ಲರೆ ವಾಪಸ್ ಕೊಡುವಾಗಲೂ ಮಾವ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಕೈಗೆ ಬಂದಷ್ಟು ತೆಗೆದು ಮೇಜಿನ ಮೇಲೆ ಸರಿಸುತ್ತಿದ್ದರು. ಕಡಿಮೆ ಬಂದವರು ಕೇಳಿ ಪಡೆಯುತ್ತಿದ್ದರು. ಹೆಚ್ಚು ಬಂದವರು "ಬರ್ತೀನಿ ಸಾರ್" ಎಂದು ವಿನಯದಿಂದ ಹೊರಡುತ್ತಿದ್ದರು. ಬಣ್ಣದಂಗಡಿಗೆ ವಿನಯವಂತ ಗಿರಾಕಿಗಳು ಆ ಕಾಲದಲ್ಲಿ ಬಂದಷ್ಟು ಹಿಂದೆಂದೂ ಬಂದಿರಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಹಣ ಕಡಿಮೆ ಬೀಳುತ್ತಿತ್ತು. ಮಾವ ತಮ್ಮ ಜೇಬಿನಿಂದ ತೆಗೆದು ಸರಿದೂಗಿಸಿ, ಬೀಗ ಹಾಕಿ, ಏನೂ ಆಗದವರಂತೆ ಮನೆಗೆ ಬರುತ್ತಿದ್ದರು. ಜೇಬು ಬರಿದಾದಾಗ ನನ್ನಿಂದ ಕೈಗಡ. ಸಂಬಳದ ದಿನ ಅತ್ತೆಯ ಕೈಗೆ ಬಂದ ಕವರು ತೆಳ್ಳಗಿರುವುದನ್ನು ಅತ್ತೆ ಮುಟ್ಟಿ ನೋಡಿಯೇ ಕಂಡುಹಿಡಿದರು. ಬಟ್ಟೆಯ ದಪ್ಪ ಬೆರಳಲ್ಲೇ ಅಳೆಯುವ ಕೈ ಅದು.

"ಬಡ್ತಿ ಸಿಕ್ಕ ಮೇಲೆ ಸಂಬಳ ಕಡಿಮೆ ಆಗೋದು ಯಾವ ಸೀಮೆ ನ್ಯಾಯ ರೀ?"

ಮಾವ ತಲೆ ಕೆರೆದುಕೊಂಡರು, ಕೊನೆಗೆ ಒಪ್ಪಿಕೊಂಡರು. ಅತ್ತೆ ಕೂಗಾಡಲಿಲ್ಲ. ಕೂಗಾಡಿದರೆ ಗೋಡೆಯಾಚೆ ಕೇಳಿಸುತ್ತಿತ್ತು, ಬಾಯಲ್ಲೇ ಲೆಕ್ಕ ಮಾಡುವ ಗಂಡನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದರ ಬದಲು ಪಾಠ ಶುರು ಮಾಡಿದರು. ಕತ್ತರಿಸಿ ಉಳಿದ ಲೈನಿಂಗ್ ಬಟ್ಟೆಯನ್ನು ನೋಟಿನಂತೆ ಆಯತಾಕಾರವಾಗಿ ಕತ್ತರಿಸಿದರು. ಊಟದ ಮೇಜು ಗಲ್ಲಾ ಆಯಿತು. ಅತ್ತೆಯೇ ಗಿರಾಕಿ. ಬಾಗಿಲಿನಿಂದ ನಡೆದು ಬಂದು, ಹುಬ್ಬು ಗಂಟಿಕ್ಕಿ, ಬಟ್ಟೆಯ ಚೂರುಗಳನ್ನು ಮೇಜಿನ ಮೇಲೆ ಎಸೆದು, "ತಗೊಳ್ಳಿ, ಎಣಿಸಿ" ಎನ್ನುತ್ತಿದ್ದರು. ಮಾವ ಸರಾಗವಾಗಿ ಎಣಿಸಿದರು. ಒಂದು ಚೂರು ಕಡಿಮೆ ಇದೆ ಎಂದೂ ಕಂಡುಹಿಡಿದರು.

"ನೋಡಿದ್ರಾ, ಬರುತ್ತಲ್ಲ."

"ನೀನು ಎದುರಿಗಿದ್ರೆ ಬರುತ್ತೆ ಕಣೆ. ನಿನ್ನ ಮೇಲೆ ಅನುಮಾನ ಪಡೋಕೆ ನನಗೇನೂ ಸಂಕೋಚ ಇಲ್ಲ."

ನಾನು ನೀರು ಕುಡಿಯುತ್ತಿದ್ದವಳು ಮೂಗಿನಲ್ಲಿ ನೀರು ಬಂದು ಕೆಮ್ಮಿದೆ. ಅತ್ತೆ ಬಟ್ಟೆಯ ನೋಟುಗಳನ್ನು ಬಾಚಿಕೊಂಡು ಎದ್ದು ಹೋದರು.

ಅಂಗಡಿಯಲ್ಲಿ ಮಾವ ಒಂದು ಮಧ್ಯಮ ಮಾರ್ಗ ಹುಡುಕಿಕೊಂಡರು. ಯಾರಾದರೂ ಹಣ ಕೊಟ್ಟ ಕೂಡಲೇ ಏನೋ ಬಿದ್ದುಹೋದವರಂತೆ ಮೇಜಿನ ಕೆಳಗೆ ಬಗ್ಗಿ, ಅಲ್ಲಿ ಕತ್ತಲಲ್ಲಿ ಬೆರಳು ಒದ್ದೆ ಮಾಡಿಕೊಂಡು ಎಣಿಸಿ, ಮುಖ ಕೆಂಪಗೆ ಮಾಡಿಕೊಂಡು ಮೇಲೇಳುವುದು. ಕಡಿಮೆ ಇದೆ ಎಂದು ಗೊತ್ತಾದರೂ ಹೇಳುವಂತಿರಲಿಲ್ಲ, ಎಣಿಸಿದ್ದು ಬಯಲಾಗುತ್ತಿತ್ತಲ್ಲ. ಹಾಗಾಗಿ ಅದರಿಂದ ಅಂಗಡಿಗೆ ನಯಾಪೈಸೆ ಉಪಯೋಗವಾಗಲಿಲ್ಲ. ಆದರೆ ಮಾವನಿಗೆ ಬೆನ್ನುನೋವು ಎಂದು ಪೇಟೆಯಲ್ಲೆಲ್ಲ ಸುದ್ದಿಯಾಯಿತು. ಒಬ್ಬ ಗಿರಾಕಿ ಮುಲಾಮಿನ ಡಬ್ಬಿ ತಂದುಕೊಟ್ಟ. ಮಾವ ಅದಕ್ಕೂ ದುಡ್ಡು ಕೊಟ್ಟರು, ಎಣಿಸದೆ.

ಇಷ್ಟಾದರೂ ಬಂಡಿ ಹೇಗೋ ಓಡುತ್ತಿತ್ತು. ಕಡಿಮೆ ಬಿದ್ದದ್ದನ್ನು ತುಂಬಿಕೊಡುವ ದಡ್ಡ ಇರುವವರೆಗೆ ಸಾಹುಕಾರರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಮಾವನನ್ನು ಮುಳುಗಿಸಿದ್ದು ಕಡಿಮೆ ಬಿದ್ದ ದಿನವಲ್ಲ, ಹೆಚ್ಚು ಬಿದ್ದ ದಿನ.

ಆ ಸಂಜೆ ಮನೆಗೆ ಬಂದವರ ಮುಖ ನೋಡಿ ಅತ್ತೆ ಬೆಚ್ಚಿದರು. ಪೆಟ್ಟಿಗೆಯಲ್ಲಿ ಮೂರು ಸಾವಿರ ಹೆಚ್ಚಿಗೆ ಬಂದಿತ್ತು. ಮಾವ ಎಷ್ಟು ಸಲ ಎಣಿಸಿದರೂ (ಎದುರಿಗೆ ಯಾರೂ ಇರಲಿಲ್ಲ, ಆರಾಮವಾಗಿ ಎಣಿಸಿದ್ದರು) ಅದು ಹೆಚ್ಚಿಗೇ ಇತ್ತು.

"ಒಳ್ಳೇದೇ ಆಯ್ತಲ್ಲ" ಎಂದರು ಅತ್ತೆ. "ಇಷ್ಟು ದಿನ ಕೈಯಿಂದ ಹಾಕಿದ್ದೀರಿ, ಈಗ ವಾಪಸ್ ಬಂತು ಅಂದ್ಕೊಳ್ಳಿ."

"ಕಡಿಮೆ ಬಿದ್ರೆ ಅದು ನನ್ನ ಕಷ್ಟ. ಹೆಚ್ಚು ಬಿದ್ರೆ ಅದು ಬೇರೆಯವರ ದುಡ್ಡು ಕಣೆ. ಇಟ್ಕೊಂಡ್ರೆ ಕಳ್ಳತನ ಅಲ್ವಾ?"

ಊಟ ಅರ್ಧಕ್ಕೇ ಬಿಟ್ಟು ಎದ್ದರು. ಬೆಳಿಗ್ಗೆ ಅಂಗಡಿ ತೆರೆದವರೇ ಆ ಮೂರು ಸಾವಿರ ಜೇಬಿಗಿಟ್ಟುಕೊಂಡು, ಹಿಂದಿನ ದಿನ ಬಹಳ ಡಬ್ಬ ಕೊಂಡಿದ್ದ ಪೇಂಟರನ ಮನೆಗೆ ಹೋದರು. ಸಾಹುಕಾರರು ಅಂದು ಗೋದಾಮಿನಲ್ಲಿದ್ದರು. ಪೇಂಟರ್ ಬಾಗಿಲಲ್ಲೇ ಹಲ್ಲುಜ್ಜುತ್ತಾ ನಿಂತಿದ್ದ.

"ನಿನ್ನೆ ನಮಗೇನಾದ್ರೂ ಮೂರು ಸಾವಿರ ಹೆಚ್ಚಿಗೆ ಕೊಟ್ರಾ?"

ಬೆಳಗಿನ ಹೊತ್ತು ಬಾಗಿಲಿಗೆ ಬಂದು ಇಂಥ ಪ್ರಶ್ನೆ ಕೇಳಿದರೆ ಯಾರಾದರೂ ಏನು ಹೇಳುತ್ತಾರೆ? ಪೇಂಟರ್ ಬಾಯಲ್ಲಿದ್ದುದನ್ನು ಉಗುಳಿ, ಸ್ವಲ್ಪ ಯೋಚಿಸಿದಂತೆ ಮಾಡಿ, "ಅದೇ ಕಣ್ರೀ, ಎಲ್ಲಿ ಹೋಯ್ತು ಅಂತ ಮನೆಯೆಲ್ಲ ಹುಡುಕ್ತಾ ಇದ್ದೆ" ಎಂದ. ಮಾವ ಹಣ ಅವನ ಕೈಗಿಟ್ಟು, ಎದೆಯ ಭಾರ ಇಳಿಸಿಕೊಂಡು ತಿರುಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಇವತ್ತಿಗೂ ಗಲ್ಲಾ ಮೇಲಿರುತ್ತಿದ್ದರು. ಆದರೆ ದಾರಿಯಲ್ಲಿ ಬೇಕರಿಯವನು ಸಿಕ್ಕ. ಅವನೂ ಹಿಂದಿನ ದಿನ ಅಂಗಡಿಗೆ ಬಂದವನೇ. ಮಾವ ಸುಮ್ಮನೆ ಮರ್ಯಾದೆಗೆ ಕೇಳಿದರು: "ನಿಮ್ಮದೇನೂ ಹೆಚ್ಚಿಗೆ ಬಂದಿಲ್ಲ ತಾನೆ ನಮ್ಮ ಹತ್ರ?" ಬೇಕರಿಯವನು ತನ್ನದೂ ಬಂದಿರಬೇಕು ಎಂದ. ಈಗ ಮಾವನಿಗೆ ಪೀಕಲಾಟ. ಇವನನ್ನು ನಂಬದಿದ್ದರೆ ಮುಖದೆದುರೇ ಸುಳ್ಳುಗಾರ ಎಂದ ಹಾಗಾಯಿತು. ಪೇಂಟರನ ಬಳಿ ವಾಪಸ್ ಹೋದರೆ ಅವನನ್ನು ಹಾಗೆಂದ ಹಾಗಾಯಿತು. ಬೇಕರಿಯವನನ್ನು ಅಂಗಡಿಗೆ ಕರೆದುಕೊಂಡು ಬಂದು ಪೆಟ್ಟಿಗೆಯಿಂದ ತೆಗೆದುಕೊಟ್ಟರು.

ಬೇಕರಿ ಎಂದ ಮೇಲೆ ಕೇಳಬೇಕೇ. ಒಂದೊಂದು ಬ್ರೆಡ್ಡಿನ ಜೊತೆ ಸುದ್ದಿಯೂ ಹೊರಟಿತು. ನಾನು ಕೊರಿಯರ್ ಆಫೀಸಿನ ಕಿಟಕಿಯಿಂದ ನೋಡುತ್ತೇನೆ, ಬಣ್ಣದಂಗಡಿಯ ಮುಂದೆ ಸಾಲು. ಗೋಡೆಗೆ ಸುಣ್ಣವನ್ನೇ ಹೊಡೆಸದವರೂ ಆ ಸಾಲಿನಲ್ಲಿದ್ದರು. ನಾನು ಅಂಟಿನ ಕೈಯಲ್ಲೇ ರಸ್ತೆ ದಾಟಿ ಓಡಿದೆ.

"ಏನ್ ಮಾವಾ ಇದು?"

"ಹೆಚ್ಚಿಗೆ ಕೊಟ್ಟವರು ಬಂದಿದ್ದಾರೆ ಕಣಮ್ಮ."

"ಇಷ್ಟೊಂದು ಜನಾನಾ?"

"ಮೆಲ್ಲಗೆ ಮಾತಾಡು. ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೊಳ್ತಾರೆ."

ಮಾವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ತಾನು ಮೋಸ ಹೋಗುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿತ್ತು, ಅದು ಅವರ ಕಣ್ಣಲ್ಲೇ ಇತ್ತು. ಆದರೂ ಒಬ್ಬೊಬ್ಬರು ಮುಂದೆ ಬಂದು ನಿಂತಾಗ ಇಲ್ಲ ಎನ್ನುವ ಒಂದು ಮಾತು ಅವರ ಗಂಟಲಿನಿಂದ ಹೊರಡುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮಾವನ ಮೇಲೋ ಸಾಲಿನ ಮೇಲೋ ಎಂದು ಈಗಲೂ ಹೇಳಲಾರೆ. ಪೆಟ್ಟಿಗೆ ಮುಚ್ಚಿಬಿಡೋಣ ಎಂದು ಕೈ ಹಾಕಿದೆ. ಅಷ್ಟರಲ್ಲಿ ಸಾಹುಕಾರರು ಬಂದರು.

ಅವರು ದೂರದಿಂದಲೇ ಸಾಲು ನೋಡಿದ್ದರು. ಅಂಗಡಿ ಇಟ್ಟಾಗಿನಿಂದ ಇಂಥ ವ್ಯಾಪಾರ ಕಂಡಿರಲಿಲ್ಲ. ಮುಖ ಅರಳಿಸಿಕೊಂಡು ಬಂದು, ಎಲ್ಲರಿಗೂ "ಬನ್ನಿ ಬನ್ನಿ, ನೂಕಬೇಡಿ, ಎಲ್ಲರಿಗೂ ಸಿಗುತ್ತೆ" ಎಂದರು. ಪಕ್ಕದ ಹೋಟೆಲಿಗೆ ಕೂಗಿ ಹೇಳಿ ಸಾಲಿನಲ್ಲಿದ್ದವರಿಗೆಲ್ಲ ಟೀ ತರಿಸಿದರು. ಜನ ಟೀ ಕುಡಿದು, ಹಣ ತೆಗೆದುಕೊಂಡು, ಲೋಟ ಮೇಜಿನ ಮೇಲಿಟ್ಟು ಹೊರಟರು. ಯಾರ ಕೈಯಲ್ಲೂ ಡಬ್ಬವಿಲ್ಲ ಎಂಬುದು ಸಾಹುಕಾರರ ಗಮನಕ್ಕೆ ಬಂದದ್ದು ಅರ್ಧ ಸಾಲು ಕರಗಿದ ಮೇಲೆ.

ಉಳಿದರ್ಧ ಸಾಲು ಅವರ ಮುಖ ನೋಡಿಯೇ ಕರಗಿತು. ಬಾಗಿಲು ಹಾಕಿಸಿದರು. ಮಾವ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ಮೇಜಿನ ಕೆಳಗೆ ಬಗ್ಗುತ್ತಿದ್ದುದನ್ನೂ ಬಿಡದೆ.

"ಆ ಮೂರು ಸಾವಿರ ನಂದು ಕಣಯ್ಯ" ಎಂದರು ಸಾಹುಕಾರರು. "ಪೆಟ್ಟಿಗೇಲಿ ಚಿಲ್ಲರೆ ಇರಲಿ ಅಂತ ನಿನ್ನೆ ನಾನೇ ತಂದು ಹಾಕಿದ್ದೆ. ಹೇಳೋಕೆ ಮರೆತೆ."

ಮಾವ ಕುಸಿದು ಡಬ್ಬದ ಮೇಲೆ ಕೂತರು.

"ನನ್ನನ್ನ ಮತ್ತೆ ಬಣ್ಣಕ್ಕೇ ಹಾಕಿಬಿಡಿ."

"ನಿನ್ನ ಜಾಗಕ್ಕೆ ಬಣ್ಣ ಬೆರೆಸೋಕೆ ನನ್ನ ಬಾಮೈದ ಬಂದಿದ್ದಾನಲ್ಲ, ಅವನನ್ನ ಎಲ್ಲಿಗೆ ಕಳಿಸಲಿ? ನೋಡಯ್ಯ, ನೀನು ಕದ್ದಿದ್ರೆ ಏನಾದ್ರೂ ದಾರಿ ಇರ್ತಿತ್ತು. ಕಳ್ಳ ಅಂದ್ರೆ ಬೀಗ ಹಾಕಬಹುದು, ಕಣ್ಣಿಡಬಹುದು. ನಿನಗೆ ಏನು ಹಾಕಲಿ ನಾನು?"

ಆ ತಿಂಗಳ ಸಂಬಳ ಮುರಿದುಕೊಂಡು ಮಾವನನ್ನು ಮನೆಗೆ ಕಳಿಸಿದರು. ಇಷ್ಟಕ್ಕೇ ಮುಗಿದಿದ್ದರೆ ನಾವು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದೆವು. ಆದರೆ ಬಣ್ಣದಂಗಡಿಯ ಗಲ್ಲಾದಿಂದ ದೊಡ್ಡ ಮೊತ್ತ ಹೋಗಿದೆ, ಮಾವನನ್ನು ಕೆಲಸದಿಂದ ತೆಗೆದಿದ್ದಾರೆ, ಈ ಎರಡು ಸುದ್ದಿ ಮಾತ್ರ ಬೀದಿಗೆ ಬಂದವು. ಹಣ ತೆಗೆದುಕೊಂಡವರು ತಾವು ತೆಗೆದುಕೊಂಡೆವೆಂದು ಯಾಕೆ ಹೇಳುತ್ತಾರೆ? ಸಾಹುಕಾರರೂ ಬಾಯಿ ಬಿಡಲಿಲ್ಲ. ಬಿಟ್ಟರೆ ತಾವೇ ಟೀ ತರಿಸಿಕೊಟ್ಟದ್ದನ್ನೂ ಹೇಳಬೇಕಾಗುತ್ತಿತ್ತು. ಹಾಗಾಗಿ ಬೀದಿ ತನಗೆ ತೋಚಿದ್ದನ್ನು ತುಂಬಿಸಿಕೊಂಡಿತು. ಮಾವ ಹೊಡೆದಿದ್ದಾರೆ. ಎಷ್ಟು ಹೊಡೆದಿದ್ದಾರೆ ಎಂಬುದು ಬಾಯಿಂದ ಬಾಯಿಗೆ ಬೆಳೆಯಿತು. ವಾರದೊಳಗೆ ಬಣ್ಣದಂಗಡಿಯನ್ನೇ ಕೊಳ್ಳುವಷ್ಟಾಯಿತು.

ನಾವು ನಿರೀಕ್ಷಿಸದೇ ಇದ್ದದ್ದು ಎಂದರೆ ಜನ ತೋರಿಸಿದ ಗೌರವ. ಸಾಲ ಎಂದರೆ ಮುಖ ತಿರುಗಿಸುತ್ತಿದ್ದ ದಿನಸಿಯವನು "ದುಡ್ಡಿಗೇನು ಅವಸರ ಬಿಡಿ" ಎಂದ. ಸೈಟು ಮಾರಿಸುವ ದಲ್ಲಾಳಿಯೊಬ್ಬ ನಕ್ಷೆ ಬಗಲಲ್ಲಿಟ್ಟುಕೊಂಡು ಬಂದು, ಮೂಲೆ ಸೈಟೇ ಇದೆ ಎಂದ. ಯಾವ ಕಡೆಯಿಂದ ನಂಟು ಎಂದು ಅತ್ತೆಗೂ ತಿಳಿಯದ ನೆಂಟನೊಬ್ಬ ಕೈಗಡ ಕೇಳಿದ. ಎದುರು ಮನೆಯಾಕೆ ಅತ್ತೆಯ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, "ನಮ್ಮೋರೂ ಇದ್ದಾರೆ, ಇಷ್ಟು ವರ್ಷ ದುಡಿದು ಏನು ಮಾಡಿದ್ರು ಹೇಳಿ" ಎಂದು ನಿಟ್ಟುಸಿರಿಟ್ಟಳು.

ಅತ್ತೆ ಇದನ್ನೆಲ್ಲ ಅಲ್ಲಗಳೆಯಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ. ತುಟಿಯ ನಡುವೆ ಗುಂಡುಪಿನ್ನುಗಳನ್ನು ಹಿಡಿದುಕೊಂಡು ಹೂಂ ಎನ್ನುತ್ತಿದ್ದರು, ಅಷ್ಟೆ. ನಾನು ಒಮ್ಮೆ ದಬಾಯಿಸಿ ಕೇಳಿದೆ.

"ಹೇಳೋಕೇನು ನಿಮಗೆ, ಅವರು ಕದ್ದಿಲ್ಲ ಅಂತ?"

"ಹೇಳಿದ್ರೆ ಮತ್ತೆ ದುಡ್ಡು ಏನಾಯ್ತು ಅಂತ ಕೇಳ್ತಾರೆ. ಅದನ್ನೂ ಹೇಳಬೇಕು." ಅತ್ತೆ ದಾರ ಕಡಿದರು. "ಕಳ್ಳನ ಹೆಂಡತಿ ಅಂದ್ರೆ ಹಿಂದೆ ಆಡ್ಕೊಂಡ್ರೂ ಎದುರಿಗೆ ಕುರ್ಚಿ ಹಾಕ್ತಾರೆ. ದಡ್ಡನ ಹೆಂಡತಿ ಅಂದ್ರೆ ಎದುರಿಗೇ ನಗ್ತಾರೆ. ಇಷ್ಟು ದಿನ ಇವರೆಲ್ಲರ ಮುಂದೆ ನಾನು ಏನೇನು ಹೇಳಿದ್ದೀನಿ ಅಂತ ನಿನಗೆ ಗೊತ್ತಲ್ಲ."

ಗೊತ್ತಿತ್ತು.

ಮಾವ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಮೊದಲು ಬಚ್ಚಲ ಬಾಗಿಲಿಗೆ ಬಣ್ಣ ಹೊಡೆದರು. ಮರುದಿನ ಅದು ಸರಿಯಿಲ್ಲವೆಂದು ಬೇರೆ ಬಣ್ಣ ಹೊಡೆದರು. ಆಮೇಲೆ ಕಿಟಕಿ, ನೀರಿನ ಟ್ಯಾಂಕು, ನನ್ನ ಕೋಣೆಯ ಕುರ್ಚಿ. ಬೀದಿಯಲ್ಲಿ ಯಾರೋ ಜೋರಾಗಿ ನಕ್ಕರೆ ಕುಂಚ ಗಾಳಿಯಲ್ಲೇ ನಿಲ್ಲುತ್ತಿತ್ತು. ದಲ್ಲಾಳಿ ಬಂದು ಹೋದ ದಿನ ಮಹಡಿಗೆ ಹತ್ತಿ ಬಂದು ನನ್ನ ಮುಂದೆ ಕೂತರು.

"ದಡ್ಡ ಅಂದ್ಕೊಳ್ಳಲಿ ಕಣಮ್ಮ, ಅದು ನಿಜಾನೇ. ಕಳ್ಳ ಅಂತ ಅನ್ನಿಸ್ಕೊಂಡು ಹೇಗೆ ಬದುಕೋದು? ಅವನು ನನಗೆ ನಮಸ್ಕಾರ ಹೇಳಿದ. ನನ್ನ ಜೀವಮಾನದಲ್ಲಿ ಯಾರೂ ಅಷ್ಟು ಬಗ್ಗಿ ನಮಸ್ಕಾರ ಹೇಳಿರಲಿಲ್ಲ."

ಅವರ ಕಣ್ಣು ತುಂಬಿತ್ತು. ಅದನ್ನು ನಾನು ಅತ್ತೆಗೆ ಹೇಳಿದೆ. ಆ ದಿನ ಅವರು ಹೊಲಿದ ತೋಳು ಉಲ್ಟಾ ಆಗಿತ್ತು, ಬಿಚ್ಚಿ ಮತ್ತೆ ಹೊಲಿದರು.

ಹಾಗಿರುವಾಗ ಹಿಂದಿನ ಬೀದಿಯಲ್ಲಿ ಹೊಸ ಬಣ್ಣದಂಗಡಿ ತೆರೆದಿದ್ದ ಮೇಡಂ ಒಂದು ಕೋಟು ಬಿಗಿ ಮಾಡಿಸಲು ಅತ್ತೆಯ ಬಳಿ ಬಂದರು. ಮುಂದಿನ ಕೋಣೆಯಲ್ಲಿ ಆಗ ಎದುರು ಮನೆಯಾಕೆ ಇದ್ದಳು, ಬೇಕರಿಯವನ ಹೆಂಡತಿ ಇದ್ದಳು. ನಾನು ಬಾಗಿಲ ಬಳಿ ಗುಂಡಿ ಹೊಲಿಯುತ್ತಿದ್ದೆ. ಒಳಕೋಣೆಯಲ್ಲಿ ಮಾವ ಕಪಾಟಿಗೆ ಬಣ್ಣ ಹೊಡೆಯುತ್ತಿದ್ದರು, ನಡುವೆ ಒಂದು ಪರದೆ ಮಾತ್ರ. ಮೇಡಂ ಕೈ ಅಗಲಿಸಿ ನಿಂತು ಮಾತು ತೆಗೆದರು.

"ನನಗೆ ಬಣ್ಣ ಬೆರೆಸೋರು ಸಿಗ್ತಾನೇ ಇಲ್ಲ. ನಿಮ್ಮನೆಯವರ ಕೈ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ತಪ್ಪು ತಿಳ್ಕೋಬೇಡಿ, ಆದ್ರೆ ನಾನು ಒಬ್ಬಳೇ ಅಂಗಡಿ ನಡೆಸೋಳು. ಆ ಗಲ್ಲಾ ವಿಷಯ ಕೇಳಿದ ಮೇಲೆ ಧೈರ್ಯ ಬರಲ್ಲ."

ಒಳಗೆ ಕುಂಚದ ಸದ್ದು ನಿಂತಿತು.

ಅತ್ತೆ ಮೇಡಂ ಬೆನ್ನ ಹಿಂದೆ ಮಂಡಿಯೂರಿದ್ದರು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಬಹಳ ನಿಧಾನವಾಗಿ ಹಾಕಿದರು.

"ಅವರು ಕದ್ದಿಲ್ಲ" ಎಂದರು. "ಅವರಿಗೆ ಎಣಿಸೋಕೆ ಬರಲ್ಲ."

ಎದುರು ಮನೆಯಾಕೆ ಕತ್ತು ಮುಂದೆ ಚಾಚಿದಳು. "ಬಾಯಲ್ಲೇ ಲೆಕ್ಕ ಅಂತಿದ್ರಿ?"

"ಸುಳ್ಳು ಹೇಳ್ತಿದ್ದೆ. ಯಾರಾದ್ರೂ ಎದುರಿಗಿದ್ರೆ ಒಂದು ಎರಡು ಮೂರು ಕೂಡ ಎಣಿಸೋಕೆ ನಾಚ್ಕೊಳ್ತಾರೆ. ಕೊಟ್ಟಷ್ಟು ತಗೋತಾರೆ, ಕೇಳಿದಷ್ಟು ಕೊಡ್ತಾರೆ. ಮೇಜಿನ ಕೆಳಗೆ ಕೂತು ಎಣಿಸ್ತಿದ್ರು, ಬೆನ್ನುನೋವು ಅಂತ ನೀವೆಲ್ಲ ಅಂದ್ಕೊಂಡ್ರಿ. ಮನೇಲಿ ಬಟ್ಟೆ ಚೂರು ಇಟ್ಟು ನಾನು ಪಾಠ ಮಾಡಿದ್ದೀನಿ, ಈ ಹುಡುಗಿ ನೋಡಿದ್ದಾಳೆ. ಹೆಚ್ಚಿಗೆ ಬಂದಿದೆ ಅಂತ ಮನೆ ಮನೆಗೆ ಹೋಗಿ ಕೇಳಿದ್ರು. ಊರೇ ಸಾಲಾಗಿ ಬಂದು ತಗೊಂಡು ಹೋಯ್ತು." ಅತ್ತೆ ಬೇಕರಿಯಾಕೆಯ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಸಾಲಲ್ಲಿ ಎಲ್ಲರಿಗಿಂತ ಮೊದಲು ಇದ್ದದ್ದು ನಿಮ್ಮೋರೇ. ಮನೇಲಿ ಕೇಳಿ ನೋಡಿ."

ಬೇಕರಿಯಾಕೆ ಕೈಲಿದ್ದ ಚೀಲದೊಳಗೆ ಏನೋ ಹುಡುಕತೊಡಗಿದಳು. ಎದುರು ಮನೆಯಾಕೆಗೆ ನಗು ತಡೆಯಲಾಗಲಿಲ್ಲ. ಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಿಟ್ಟು ನಕ್ಕಳು. ಅತ್ತೆಯ ಎದುರಿಗೇ. ಅತ್ತೆಯ ಕಿವಿ ಕೆಂಪಾಯಿತು, ಆದರೆ ಎದ್ದು ಹೋಗಲಿಲ್ಲ, ಕೋಟಿನ ಅಂಚು ಕೈಬಿಡಲಿಲ್ಲ.

ಮೇಡಂ ನಗಲಿಲ್ಲ. "ಸೋಮವಾರದಿಂದ ಬರಲಿ" ಎಂದರು. "ಗಲ್ಲಾ ಹತ್ತಿರ ಮಾತ್ರ ಬರೋದು ಬೇಡ."

"ನಾನೇ ಹೇಳಿ ಕಳಿಸ್ತೀನಿ" ಎಂದು ಅತ್ತೆ ಕೋಟಿಗೆ ಪಿನ್ನು ಚುಚ್ಚಿದರು.

ಎಲ್ಲರೂ ಹೋದ ಮೇಲೆ ಅತ್ತೆ ಯಂತ್ರದ ಮುಂದೆ ಕೂತರು, ಆದರೆ ಪೆಡಲ್ ತುಳಿಯಲಿಲ್ಲ. ಮಾವ ಪರದೆ ಸರಿಸಿ ಹೊರಬಂದರು. ಗಂಡನಿಗೆ ಅವಮಾನವಾಯಿತೇನೋ ಎಂದು ಅತ್ತೆ ಮುಖ ಎತ್ತದೆ ಕೂತಿದ್ದರು. ಮಾವ ಪಕ್ಕದ ಮಣೆಯ ಮೇಲೆ ಕುಳಿತರು.

"ಅಷ್ಟು ಜನರ ಎದುರಿಗೆ ಹೇಳಿದೆಯಲ್ಲ. ನಾಚಿಕೆ ಆಗಲಿಲ್ವಾ ನಿನಗೆ?"

"ಆಯ್ತು" ಎಂದರು ಅತ್ತೆ. "ತುಂಬಾ ಆಯ್ತು."

ಮಾವ ಎದ್ದು, ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಹಗಲು ಹೊತ್ತಿನಲ್ಲೇ ಬೀದಿಗಿಳಿದರು. ನಾನೂ ಅತ್ತೆಯೂ ಬಾಗಿಲಿಗೆ ಬಂದು ನೋಡಿದೆವು. ಎದುರು ಮನೆಯಾಕೆ ಆಗಲೇ ನಾಲ್ಕು ಜನಕ್ಕೆ ಹೇಳಿ ಮುಗಿಸಿದ್ದಳು. ಜಗುಲಿಯ ಮೇಲಿದ್ದವರು ಮಾವನನ್ನು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡು ನಗುತ್ತಿದ್ದರು. ಮಾವ ಅವರೆಲ್ಲರ ಮುಖ ನೋಡುತ್ತಾ, ತಾವೂ ನಗುತ್ತಾ, ರಸ್ತೆಯ ನಡುವೆ ನಡೆದು ಹೋದರು.